ಅತ್ತೆಯ ಪೂಜೆ ಮುಗಿಯುವುದರೊಳಗೆ

ಆಪ್ತಸಲಹೆಗೆ ಬರುವ ಎಲ್ಲರನ್ನೂ ಮೊದಲ ಭೇಟಿಯಲ್ಲಿ ನಾನು ಕೇಳುವ ಪ್ರಶ್ನೆ ಒಂದೇ. ಆರು ವಾರ ಕಳೆದ ಮೇಲೆ ನಿಮ್ಮ ಮನೆಯಲ್ಲಿ ಯಾವುದೊಂದು ಬದಲಾಗಿದ್ದರೆ ಈ ಮಾತುಕತೆಯಿಂದ ಉಪಯೋಗವಾಯಿತು ಅಂತೀರಿ? ಹೆಚ್ಚಿನವರು ನೆಮ್ಮದಿ ಬೇಕು ಎನ್ನುತ್ತಾರೆ. ನೆಮ್ಮದಿಯನ್ನು ಅಳೆಯಲು ಬರುವುದಿಲ್ಲ. ಹಾಗಾಗಿ ನಾನು ಕೆದಕಿ ಕೆದಕಿ ಕೇಳಿ, ಅದನ್ನು ಕಣ್ಣಿಗೆ ಕಾಣುವ ಒಂದು ಕೆಲಸಕ್ಕೆ ಇಳಿಸುವವರೆಗೂ ಬಿಡುವುದಿಲ್ಲ. ಹರಿಹರದ ಆ ತಾಯಿಯನ್ನು ಕೆದಕಬೇಕಾಗಲಿಲ್ಲ. ಲ್ಯಾಪ್‌ಟಾಪಿನ ಪರದೆಯ ಮೇಲೆ ಮುಖ ಮೂಡಿ ಇನ್ನೂ ಒಂದು ನಿಮಿಷ ಆಗಿರಲಿಲ್ಲ.

"ಮಗಳ ಮೇಲೆ ನನ್ನ ಕೈ ಏಳಬಾರದು ಮೇಡಂ. ಅಷ್ಟೇ," ಎಂದಳು.

ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ಸಂಕ್ರಾಂತಿ ಆದ ವಾರ ಹೋಂವರ್ಕ್ ಮಾಡಿಸುತ್ತಾ ಕೂತಿದ್ದವಳು ಎದ್ದು ಹೋಗಿ ಅಡುಗೆಮನೆಯಿಂದ ಸೌಟು ತಂದು ಹೊಡೆದಿದ್ದಳು. ಮೊಣಕೈ ಕೆಳಗೆ ಬಾಸುಂಡೆ ಎದ್ದಿತ್ತು. ಶಾಲೆಯ ಟೀಚರ್ ಅದನ್ನು ನೋಡಿ, ತಾಯಿಯನ್ನು ಕರೆಸಿ, ಬೈಯದೆ ನನ್ನ ನಂಬರ್ ಕೊಟ್ಟು ಕಳಿಸಿದ್ದರು.

"ಅವತ್ತು ಸೌಟು. ನಾಳೆ ಏನ್ ಸಿಗ್ತೈತೋ ಕೈಗೆ. ನನಗೆ ನನ್ನದೇ ಹೆದರಿಕೆ ಆಗೇತಿ ಮೇಡಂ."

ನಾನು ಕೆಲಸ ಮಾಡುವುದು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಒಂದು ಮೆಡಿಕಲ್ ಶಾಪಿನ ಮೇಲಿನ ಕೋಣೆಯಲ್ಲಿ. ಒಂದು ಲ್ಯಾಪ್‌ಟಾಪ್, ಒಂದು ಟೇಬಲ್ಲು, ಆಟೋಗಳ ಸದ್ದು ಒಳಗೆ ಬರದಿರಲಿ ಎಂದು ಕಿಟಕಿಗೆ ದಪ್ಪ ಪರದೆ. ನನ್ನ ಬಳಿ ಬರುವವರಲ್ಲಿ ಮುಕ್ಕಾಲು ಜನ ಬರುವುದೇ ಇಲ್ಲ, ಫೋನಿನಲ್ಲೇ ಕಾಣಿಸಿಕೊಳ್ಳುತ್ತಾರೆ. ಈಕೆಗೂ ಹಾಗೇ ಹೊತ್ತು ಗೊತ್ತುಮಾಡಿದೆ. ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ನಲವತ್ತೈದು ನಿಮಿಷ, ಆರು ವಾರ. ಗಂಡನಿಗೆ ಕಾರ್ಖಾನೆಯಲ್ಲಿ ಮೊದಲ ಪಾಳಿ, ಆರಕ್ಕೆಲ್ಲ ಹೋಗಿರುತ್ತಾರೆ. ಮಗಳು ಶಾಲೆಯಲ್ಲಿರುತ್ತಾಳೆ.

ಶುರುವಿಗೆ ಮುನ್ನ ಒಪ್ಪಂದ ಓದಿ ಹೇಳಿದೆ. ನೀವು ಹೇಳಿದ್ದು ನನ್ನಲ್ಲೇ ಉಳಿಯುತ್ತದೆ. ಆದರೆ ಮಗುವಿಗೆ ಅಪಾಯ ಇದೆ ಅನ್ನಿಸಿದರೆ ಮಕ್ಕಳ ರಕ್ಷಣೆಯವರಿಗೆ ನಾನು ತಿಳಿಸಲೇಬೇಕಾಗುತ್ತದೆ. ಆಕೆ ತಲೆಯಾಡಿಸಿದಳು. ಪಕ್ಕದಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದೆ. ಇಲ್ಲ ಮೇಡಂ ಎಂದಳು. ನನ್ನ ಪಟ್ಟಿಯಲ್ಲಿ ಆ ಪ್ರಶ್ನೆಯ ಮುಂದೆ ಒಂದು ಗುರುತು ಹಾಕಿ ಮುಂದಕ್ಕೆ ಹೋದೆ.

ನಂತರದ್ದು ನನಗೆ ನೀರು ಕುಡಿದಷ್ಟು ಸಲೀಸಾದ ಕೆಲಸ. ದಿನಕ್ಕೊಂದು ಸಾಲಿನ ಹಾಳೆ ಮಾಡಿ ಫೋನಿಗೆ ಕಳಿಸಿದೆ. ಸಿಟ್ಟು ಬಂದದ್ದು ಎಷ್ಟು ಗಂಟೆಗೆ, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು, ಮೈಯಲ್ಲಿ ಮೊದಲು ಎಲ್ಲಿ ಗೊತ್ತಾಯಿತು, ಆಗ ಏನು ಮಾಡಿದಿರಿ. ಸಾಲಿನ ಕೊನೆಯ ಮನೆಯಲ್ಲಿ ಒಂದು ಅಂಕ. ಕೈ ಪೂರಾ ತಪ್ಪಿದ್ದರೆ ಸೊನ್ನೆ, ಪೂರಾ ಹಿಡಿತದಲ್ಲಿದ್ದರೆ ಹತ್ತು. ಆಕೆಗೆ ಸಿಟ್ಟು ಮೊದಲು ದವಡೆಯಲ್ಲಿ ಗೊತ್ತಾಗುತ್ತಿತ್ತು, ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಹಲ್ಲು ಕಚ್ಚಿದ್ದು ಗೊತ್ತಾದ ಕೂಡಲೇ ಎದ್ದು ಹೋಗಿ ಒಂದು ಚೊಂಬು ನೀರು ಮುಂಗೈಗೆ ಸುರಿದುಕೊಳ್ಳಬೇಕು, ಇಪ್ಪತ್ತು ಎಣಿಸಿ ವಾಪಸು ಬರಬೇಕು. ಸೌಟನ್ನು ಕೈಗೆ ಸುಲಭವಾಗಿ ಸಿಗದ ಕಡೆ ಇಡಬೇಕು. ಇಷ್ಟು ಮೊದಲ ವಾರದ ಪಾಠ.

ಎರಡನೇ ವಾರ ಅಂಕ ಆರು ಅಂದಳು. ಮೂರನೇ ವಾರ ಎಂಟು. ಹಾಳೆಯನ್ನು ಒಂದು ದಿನವೂ ಬಿಡದೆ ತುಂಬಿದ್ದಳು. ಎಲ್ಲ ಸಾಲುಗಳೂ ಹೆಚ್ಚು ಕಡಿಮೆ ಒಂದೇ ಥರ ಇದ್ದವು. ಅದು ನನಗೆ ಶಿಸ್ತಿನಂತೆ ಕಂಡಿತು. ಭೇಷ್ ಎಂದೆ. ಒಂದೇ ಕಿರಿಕಿರಿ ಎಂದರೆ ಆಕೆಯ ಕಡೆಯಿಂದ ಬರುತ್ತಿದ್ದ ಒಂದು ಸದ್ದು. ಸರ್ ಸರ್ ಎಂದು ಶುರುವಾಗಿ ನಿಲ್ಲುವುದು, ಮತ್ತೆ ಶುರುವಾಗುವುದು. ನೆಟ್‌ವರ್ಕ್ ಸರಿ ಇಲ್ಲ, ಕಿಟಕಿ ಪಕ್ಕ ಕೂತುಕೊಳ್ಳಿ ಎಂದೆ. ಆಕೆ ಕದಲಲಿಲ್ಲ. ಇಯರ್‌ಫೋನ್ ಬದಲಿಸಿ ಎಂದೆ. ಬದಲಿಸಿದಳು. ಸದ್ದು ಹೋಗಲಿಲ್ಲ.

ನನ್ನ ಕೆಲಸವನ್ನು ತಿಂಗಳಿಗೊಮ್ಮೆ ಕೂತು ಪರಿಶೀಲಿಸುವ ಹಿರಿಯರೊಬ್ಬರು ಕೆ.ಬಿ. ಬಡಾವಣೆಯಲ್ಲಿದ್ದಾರೆ. ಎಷ್ಟೋ ವರ್ಷ ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡಿ ನಿವೃತ್ತರಾದವರು. ಹಾಳೆ ತೋರಿಸಿ ಬೀಗಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿ, "ಚಲೋ ಐತಮ್ಮ. ಆದ್ರೆ ಬದುಕಿರೋ ಮನಿಷೇರ ಅಂಕಿ ಹಿಂಗೆ ಸೀದಾ ಮೇಲಕ್ಕೆ ಹೋಗದನ್ನ ನಾನು ಕಂಡಿಲ್ಲ," ಎಂದರು. ವಯಸ್ಸಾದವರ ಅನುಮಾನ ಎಂದುಕೊಂಡು ಅವರ ಮನೆಯ ಕಾಫಿ ಕುಡಿದು ಬಂದೆ.

ನಾಲ್ಕನೇ ಬುಧವಾರದ ಹೊತ್ತಿಗೆ ಶಿವರಾತ್ರಿ ಕಳೆದಿತ್ತು. ಚಳಿ ಶಿವ ಶಿವಾ ಎಂದು ಹೋಗಿ ನಮ್ಮೂರಿನ ಬಿಸಿಲು ಶುರುವಾಗಿತ್ತು. ಫ್ಯಾನಿನ ಗಾಳಿಯೂ ಬೆಚ್ಚಗಿತ್ತು. ಅವತ್ತು ಮಗಳು ಶಾಲೆಗೆ ಹೋಗಿರಲಿಲ್ಲ. ಮಾತಿನ ನಡುವೆ ತಾಯಿಯ ಹೆಗಲ ಹಿಂದಿನಿಂದ ಇಣುಕಿದಳು. ಎರಡು ಜಡೆ, ಬಿದ್ದುಹೋದ ಮುಂದಿನ ಹಲ್ಲು, ಮೈಮೇಲೆ ಉದ್ದ ತೋಳಿನ ಉಲನ್ ಸ್ವೆಟರ್. ತಾಯಿಯ ಒಂದು ಕಿವಿಯ ಇಯರ್‌ಫೋನ್ ಕಿತ್ತು ತನ್ನ ಕಿವಿಗೆ ಸಿಕ್ಕಿಸಿಕೊಂಡಳು.

"ಈ ಸೆಕೆಯಲ್ಲಿ ಸ್ವೆಟರ್ ಯಾಕೆ ಪುಟ್ಟಿ?" ಎಂದೆ.

ಹುಡುಗಿ ಬಾಯಿ ತೆರೆದಳು. ತೆರೆದವಳು ನನಗೆ ಕಾಣದ ಕಡೆಗೆ, ತನ್ನ ಬಲಕ್ಕೆ ತಿರುಗಿ ನೋಡಿ ಬಾಯಿ ಮುಚ್ಚಿಕೊಂಡಳು. ತಾಯಿಯೂ ಅತ್ತಲೇ ನೋಡಿದಳು. ಆ ಕ್ಷಣಕ್ಕೆ ಸರ್ ಸರ್ ಸದ್ದು ನಿಂತಿತು. ಆಗ ಹೊಳೆಯಿತು. ಅದು ಮೊರದ ಸದ್ದು. ಯಾರೋ ಅಲ್ಲೇ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಾರೆ, ಮೂರು ವಾರದಿಂದ ಮಾಡುತ್ತಿದ್ದಾರೆ. ನನ್ನ ತಾಯಿಯ ಪಕ್ಕ ಕೂತು ಅದೇ ಸದ್ದು ಕೇಳುತ್ತಾ ಬೆಳೆದವಳು ನಾನು, ಅದನ್ನು ನೆಟ್‌ವರ್ಕ್ ಎಂದುಕೊಂಡಿದ್ದೆ. ಮೊರದ ಸದ್ದು ಗೊತ್ತಾಗದ ದಾವಣಗೆರೆಯ ಹೆಂಗಸು ಬಹುಶಃ ನಾನೊಬ್ಬಳೇ.

ಧ್ವನಿ ಬದಲಿಸದೆ ಹೇಳಿದೆ. "ಈಗ ಮುಂಗೈಗೆ ನೀರು ಹಾಕಿಕೊಳ್ಳುವ ಅಭ್ಯಾಸ ಮಾಡಿ ತೋರಿಸಿ. ಹೇಳಿಕೊಟ್ಟಿದ್ದೆಲ್ಲ ಸರಿಯಾಗಿ ನಡೀತಿದ್ದರೆ ಬಲಗೈಗೆ ಹಾಕಿಕೊಳ್ಳಿ. ನಡೀತಿಲ್ಲ ಅಂದರೆ ಎಡಗೈಗೆ." ಇಯರ್‌ಫೋನ್ ಮತ್ತೆ ತಾಯಿಯ ಕಿವಿಗೇ ಹೋಗಿದ್ದರಿಂದ ನನ್ನ ಮಾತು ಆಕೆಗೆ ಮಾತ್ರ ಕೇಳುತ್ತಿತ್ತು. ಆಕೆ ಚೊಂಬು ಎತ್ತಿಕೊಂಡಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಎಡಗೈಗೆ ಸುರಿದುಕೊಂಡಳು. ನೀರು ಮಡಿಲಿಗೆಲ್ಲ ಬಿತ್ತು.

ಮಧ್ಯಾಹ್ನ ಮಹಡಿಗೆ ಬಟ್ಟೆ ಒಣಹಾಕಲು ಬಂದು ಫೋನ್ ಮಾಡಿದಳು. ಮೂರು ನಿಮಿಷದ ಮಾತು. ಮೂರು ವಾರದಲ್ಲಿ ನಾನು ಕೇಳದೆ ಹೋದದ್ದೆಲ್ಲ ಅದರಲ್ಲಿತ್ತು.

"ಅತ್ತೆ ಕುಂತಿರ್ತಾರೆ ಮೇಡಂ. ಅವ್ವ ಜತಿಗೆ ಕುಂತ್ರೆ ಮಾತ್ರ ಮಾತಾಡು, ಇಲ್ಲಂದ್ರೆ ಬ್ಯಾಡ ಅಂದಾರೆ ನಮ್ಮನೆಯೋರು. ಅತ್ತೆ ಮುಂದೆ ಅವರ ಮಗನ ಸುದ್ದಿ ಹೆಂಗೆ ತೆಗೀಲಿ? ದಿನಾ ಸಂಜಿಗೆ ನಮ್ಮನೆಯೋರು ಮಗಳ ನೋಟ್‌ಬುಕ್ ನೋಡ್ತಾರೆ. ಒಂದು ತಪ್ಪು ಕಂಡ್ರೆ ಸಾಕು, ತಾಯಿಗೆ ಬುದ್ಧಿ ಇದ್ರೆ ತಾನೆ ಮಗಳಿಗೆ ಬರೋದು, ದಂಡಪಿಂಡಗಳು ಅಂತ ಬೈದು ಹೊರಗೆ ಹೋಗ್ತಾರೆ. ಅವರು ಹೋದಮ್ಯಾಲೆ ನಾನು, ಮಗಳು, ಆ ನೋಟ್‌ಬುಕ್. ಹಲ್ಲು ಕಚ್ಚಿದ್ದೂ ಗೊತ್ತಾಗಲ್ಲ, ನೀರು ನೆನಪಾಗಲ್ಲ. ಭಾನುವಾರ ಮತ್ತೆ ಸೌಟು ತಗಂಡೆ. ಅದಕ್ಕೇ ಸ್ವೆಟರ್."

ಹಾಳೆಯ ಎಂಟುಗಳೆಲ್ಲ ಅತ್ತೆಗಾಗಿ ಬರೆದವು. ನಾನೇ ಕೇಳಿ ಬರೆಸಿಕೊಂಡ ಸುಳ್ಳುಗಳು. ಒಂದು ಮಗು ಬಿಸಿಲಲ್ಲಿ ಉಲನ್ ಸ್ವೆಟರ್ ಹಾಕಿಕೊಂಡು ಕೂತಿದ್ದಾಗ ನಾನು ಆ ಹಾಳೆ ಹಿಡಿದುಕೊಂಡು ಹೊಗಳಿಕೆಗೆ ಹೋಗಿದ್ದೆ. ಅವತ್ತು ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಚೊಂಬು ನೀರು ಸಾಲುತ್ತಿರಲಿಲ್ಲ.

ಮೊದಲು ಮಾಡಿದ್ದು ಮಗುವನ್ನು ಅವತ್ತೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ ಎಂದು ಹೇಳಿದ್ದು. ಆಕೆ ಹೋದಳು. ಮೂಳೆಗೆ ಏನೂ ಆಗಿರಲಿಲ್ಲ. ಆಮೇಲೆ ಹಿರಿಯರಿಗೆ ಫೋನ್ ಮಾಡಿದೆ. ಅವರು ಮಕ್ಕಳ ರಕ್ಷಣೆಯವರಿಗೆ ತಿಳಿಸಿಬಿಡು ಎಂದರು. "ಎರಡು ಸಲ ಆತು. ಒಪ್ಪಂದ ಅಂದ್ರೆ ಒಪ್ಪಂದ." ಅವರು ಹೇಳಿದ್ದು ಸರಿ ಇತ್ತು. ಆದರೆ ತನ್ನ ಕೈಗೆ ತಾನೇ ಹೆದರಿ ಸಹಾಯ ಕೇಳಿ ಬಂದ ತಾಯಿ ಆಕೆ. ಮನೆಗೆ ಅಧಿಕಾರಿಗಳು ಬಂದರೆ ಗಂಡ ಮೊದಲು ಮಾಡುವ ಕೆಲಸ ಆ ಫೋನ್ ಕಿತ್ತುಕೊಳ್ಳುವುದು. ಆಮೇಲೆ ಆ ಹುಡುಗಿಯ ಸಂಜೆಗಳು ಯಾರಿಗೂ ಕಾಣುವುದಿಲ್ಲ. ಹದಿನೈದು ದಿನ ಕೊಡಿ ಎಂದೆ. "ಹದಿನೈದು ದಿನದಾಗೆ ಮಗೂಗೆ ಏನಾರ ಆದ್ರೆ ನಿನ್ನ ಮ್ಯಾಲೆ," ಎಂದು ಫೋನಿಟ್ಟರು.

ಆಕೆಗೂ ನೇರವಾಗಿ ಹೇಳಿದೆ. ಇನ್ನೊಂದು ಸಲ ಆ ಮೈಮೇಲೆ ಗುರುತು ಕಂಡರೆ ನಾನು ಸುಮ್ಮನಿರುವುದಿಲ್ಲ. ಆಮೇಲೆ ಕೇಳಿದೆ, ನಿಮ್ಮ ಅತ್ತೆಯ ಕಿವಿ ನಿಮ್ಮ ಮೇಲೆ ಇರದ ಹೊತ್ತು ದಿನದಲ್ಲಿ ಯಾವುದು? ದಾವಣಗೆರೆಗೆ ಬರಬೇಕೆಂದರೆ ಅತ್ತೆಯೂ ಜೊತೆಗೆ ಬಸ್ ಹತ್ತುತ್ತಾರೆ. ತರಕಾರಿಗೆ ಹೊರಟರೂ ಚೀಲ ಹಿಡಿದು ಬರುತ್ತಾರೆ. ಆಕೆ ದಿನದ ಒಂದೊಂದು ಹೊತ್ತನ್ನೂ ಎಣಿಸಿ ಹೇಳಿದಳು.

"ಪೂಜಿಗೆ ಕುಂತಾಗ."

ಒಂಬತ್ತಕ್ಕೆ ಮಗಳನ್ನು ಶಾಲೆಯ ವ್ಯಾನಿಗೆ ಹತ್ತಿಸಿದ ಮೇಲೆ ಅತ್ತೆ ಸ್ನಾನ ಮಾಡಿ, ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಮಣೆಯ ಮೇಲೆ ಕೂರುತ್ತಾರೆ. ಇಪ್ಪತ್ತು ನಿಮಿಷ. ಆ ಹೊತ್ತಿನಲ್ಲಿ ಮಾತಿಲ್ಲ, ಏಳುವುದಿಲ್ಲ, ಯಾರು ಕರೆದರೂ ಓ ಎನ್ನುವುದಿಲ್ಲ. "ಮನೆ ಹತ್ತಿ ಉರಿದ್ರೂ ಏಳಲ್ಲ ಮೇಡಂ ಅವರು."

ಅಲ್ಲಿಗೆ ನಾನು ನನ್ನ ಪದ್ಧತಿಯನ್ನು ಮುರಿದೆ. ವಾರಕ್ಕೊಂದು ನಲವತ್ತೈದು ನಿಮಿಷದ ಬದಲು ದಿನಾ ಹದಿನೆಂಟು ನಿಮಿಷ. ಒಂಬತ್ತೂಕಾಲಿಗೆ ಶುರು. ವಿಡಿಯೋ ಇಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು, ನಲ್ಲಿ ಸಣ್ಣಗೆ ಬಿಟ್ಟುಕೊಂಡು ಮಾತಾಡುವುದು. ಬುಧವಾರದ ಹನ್ನೊಂದು ಗಂಟೆಯನ್ನೂ ಬಿಡಲಿಲ್ಲ, ಬಿಟ್ಟರೆ ಅನುಮಾನ ಬರುತ್ತಿತ್ತು. ಅವತ್ತು ಉಸಿರಾಟದ ಅಭ್ಯಾಸ, ಒಳ್ಳೆಯ ಮಾತು, ಮೊರದ ಸದ್ದು. ಆ ನಾಟಕ ನನಗೆ ಒಗ್ಗಲಿಲ್ಲ. ಹಿರಿಯ ಜೀವವೊಂದು ಲಿಂಗ ಹಿಡಿದು ಕೂತ ಹೊತ್ತನ್ನು ಕದ್ದು ಅವರ ಮನೆಯ ಸುದ್ದಿ ಕೇಳುವುದು ಅದಕ್ಕಿಂತ ಒಗ್ಗಲಿಲ್ಲ. ನನ್ನ ತಾಯಿಯೂ ಹಾಗೇ ಕೂರುತ್ತಿದ್ದರು. ಆಗ ಮನೆಯ ಮಕ್ಕಳು ಚಪ್ಪಲಿ ಸದ್ದೂ ಮಾಡುತ್ತಿರಲಿಲ್ಲ.

ಹದಿನೆಂಟು ನಿಮಿಷದಲ್ಲಿ ಪೀಠಿಕೆಗೆ ಜಾಗವಿಲ್ಲ. ನಿನ್ನೆ ಸಂಜೆ ಏನಾಯಿತು, ನಿಮ್ಮ ಅಂಕ ಎಷ್ಟು, ಇವತ್ತು ಸಂಜೆ ಏನು ಮಾಡುತ್ತೀರಿ. ಈಗ ಅಂಕಗಳು ಬೇರೆಯೇ ಬಂದವು. ಎರಡು. ಮೂರು. ಎರಡು. ಒಂದು ದಿನ ಒಂದೂವರೆ. ಅಂಕ ಕಡಿಮೆಯಾದರೂ ಈ ಹಾಳೆಯ ಮೇಲೆ ನನಗೆ ನಂಬಿಕೆ ಇತ್ತು.

ದೊಡ್ಡ ಗುರಿಯನ್ನು ಪಕ್ಕಕ್ಕಿಟ್ಟು ಸಂಜೆ ಆರೂವರೆಯಿಂದ ಏಳರವರೆಗಿನ ಅರ್ಧ ಗಂಟೆಯನ್ನು ಮಾತ್ರ ಹಿಡಿದುಕೊಂಡೆವು. ಗಂಡ ಮನೆಗೆ ಬರುವ ಮುಂಚೆಯೇ ಹೋಂವರ್ಕ್ ಮುಗಿಸಿದರೆ? ಅವರು ಮೂರಕ್ಕೇ ಬರುತ್ತಾರೆ, ಮಗಳು ಬರುವುದು ನಾಲ್ಕೂವರೆಗೆ, ಆಗಲಿಲ್ಲ. ಅವರು ಬೈದು ಹೋದ ಮೇಲೆ ಹತ್ತು ನಿಮಿಷ ನೋಟ್‌ಬುಕ್ ಮುಚ್ಚಿಟ್ಟರೆ? ಎರಡು ದಿನ ಆಯಿತು, ಮೂರನೇ ದಿನ ಗಂಡ ಹೊರಗಿನಿಂದ ಬೇಗ ಬಂದು, ಮುಚ್ಚಿದ ಪುಸ್ತಕ ನೋಡಿ ಮತ್ತಷ್ಟು ಬೈದರು. ಗಂಡನನ್ನೇ ಒಂದು ಸಲ ಮಾತಿಗೆ ಕರೆಯಿರಿ ಎಂದೆ. ಕಾರ್ಖಾನೆಗೆ ರಜೆ ಇದ್ದ ಬುಧವಾರ ಪರದೆಯ ಮೇಲೆ ಬಂದರು. ಮರ್ಯಾದೆಯಿಂದಲೇ ಮಾತಾಡಿದರು.

"ನಮ್ಮನ್ಯಾಗೆ ಏನೂ ಪ್ರಾಬ್ಲಮ್ ಇಲ್ರೀ ಮೇಡಂ. ಈಕೆ ಎಲ್ಲಾ ತಲೆಗೆ ಹಚ್ಕಂತಾಳೆ. ಅದೊಂದು ಬಿಡಿಸ್ರಿ ಸಾಕು."

ನಾಲ್ಕೇ ನಿಮಿಷ ಕೂತಿದ್ದರು. ಸಂಜೆಯ ಬೈಗುಳದ ಬಗ್ಗೆ ನಾನು ಬಾಯಿ ತೆರೆದರೆ ಆಕೆ ಹೇಳಿದ್ದಾಳೆ ಎಂದು ಗೊತ್ತಾಗುತ್ತಿತ್ತು. ತೆರೆಯಲಿಲ್ಲ.

ಈ ನಡುವೆ ನಮ್ಮ ಹೊತ್ತು ಉದ್ದವಾಗಿತ್ತು. ಬೆಳಗಿನ ಮಾತು ಶುರುವಾದ ಎರಡನೇ ವಾರದ ಸೋಮವಾರ ಇಪ್ಪತ್ತೈದು ನಿಮಿಷ ಸಿಕ್ಕಿತು. ಮಂಗಳವಾರ ಮೂವತ್ತು. "ಅತ್ತೇದು ಇನ್ನೂ ಆಗಿಲ್ಲ ಮೇಡಂ," ಎನ್ನುತ್ತಿದ್ದಳು. ಗುರುವಾರ ನಲವತ್ತು ನಿಮಿಷ ಆದರೂ ನಲ್ಲಿಯ ಸದ್ದು ನಿಲ್ಲಲಿಲ್ಲ. ಪರೀಕ್ಷೆಯ ಕಾಲ, ಮೊಮ್ಮಗಳಿಗಾಗಿ ಹೆಚ್ಚು ಬೇಡಿಕೊಳ್ಳುತ್ತಿರಬೇಕು ಎಂದುಕೊಂಡೆ. ಸಿಕ್ಕಿದ್ದು ಸೀರುಂಡೆ ಎಂದು ಆ ನಿಮಿಷಗಳನ್ನು ಬಳಸಿಕೊಂಡೆವು.

ಶುಕ್ರವಾರ ಆಕೆಯ ಮಾತು ಒಂದೇ ಸಾಲು. "ನಿನ್ನೆ ಕೈ ಹೋತು ಮೇಡಂ." ಫೋನ್ ಕಟ್ಟಾಯಿತು.

ತಿರುಗಿ ಮಾಡಿದೆ, ಸ್ವಿಚ್ ಆಫ್. ಶನಿವಾರ ಒಂಬತ್ತೂಕಾಲು, ಸ್ವಿಚ್ ಆಫ್. ಭಾನುವಾರ ಹಗಲೆಲ್ಲ ಫೋನ್ ನೋಡುತ್ತಾ ಕಳೆದೆ. ಎಲ್ಲಿಗೆ ಹೋಯಿತು ಕೈ, ಎಷ್ಟು ಜೋರಾಗಿ ಹೋಯಿತು, ಸೌಟಾ, ಬೇರೆ ಏನಾದರೂ ಇತ್ತಾ, ಒಂದೂ ಗೊತ್ತಿಲ್ಲ. ಹಿರಿಯರ ಮಾತು ಕಿವಿಯಲ್ಲಿ ಗುಂಯ್ಯೆನ್ನುತ್ತಿತ್ತು. ಸೋಮವಾರ ಬೆಳಿಗ್ಗೆ ಮಕ್ಕಳ ರಕ್ಷಣೆಯವರಿಗೆ ತಿಳಿಸುವ ಪತ್ರವನ್ನು ಬರೆದೆ. ಬರೆದು ಚೀಲದಲ್ಲಿಟ್ಟುಕೊಂಡು, ಇಷ್ಟು ವರ್ಷದಲ್ಲಿ ಎಂದೂ ಮಾಡದ ಕೆಲಸ ಮಾಡಿದೆ. ಹರಿಹರದ ಬಸ್ ಹತ್ತಿದೆ. ಕರೆಯದೆ ನಾವು ಯಾರ ಮನೆ ಬಾಗಿಲಿಗೂ ಹೋಗುವಂತಿಲ್ಲ, ಅದು ನನ್ನದೇ ನಿಯಮ. ಆದರೂ ಆ ಮಗುವನ್ನು ಕಣ್ಣಾರೆ ಕಾಣದೆ ಪತ್ರ ಕೊಡಲೂ ಮನಸ್ಸಿಲ್ಲ, ಇಟ್ಟುಕೊಳ್ಳಲೂ ಧೈರ್ಯವಿಲ್ಲ.

ದಾರಿ ನಡುವಿನ ಬಾತಿ ಊರಿನ ಹತ್ತಿರ ಬಂದಾಗ ಫೋನ್ ಬಡಿದುಕೊಂಡಿತು. ಆಕೆಯದೇ ನಂಬರ್. ಎತ್ತಿದರೆ ಬೇರೆ ದನಿ.

"ನಾನು ರೀ, ಆಕಿ ಅತ್ತೆ."

ಬಸ್ಸಿನ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲ. ಗಡಿಯಾರ ನೋಡಿದೆ, ಒಂಬತ್ತೂವರೆ. ಪೂಜೆಯ ಹೊತ್ತು. ಬಸ್ ನಿಲ್ಲಿಸಿ ಇಳಿದು, ರಸ್ತೆ ಪಕ್ಕದ ಮರದ ಕೆಳಗೆ ನಿಂತೆ.

"ಮಗು ಹೆಂಗಿದಾಳೆ?" ಮೊದಲು ಅದನ್ನೇ ಕೇಳಿದೆ.

"ಚಲೋ ಅದಾಳೆ. ಸಾಲಿಗೆ ಹೋಗ್ಯಾಳೆ. ಹೊಡದ್ಲು, ಸುಳ್ಳು ಯಾಕ ಹೇಳ್ಲಿ. ಕೆನ್ನಿಗೆ ಒಂದು. ಗುರುತು ಬಿದ್ದಿಲ್ಲ. ಸೌಟು ಮುಟ್ಟಿಲ್ಲ. ನೀವು ಯಾರಿಗೋ ಹೇಳ್ತೀರಿ, ಅವರು ಬಂದು ಮಗೂನ ಕರ್ಕಂಡು ಹೋಗ್ತಾರೆ ಅಂತ ಹೆದರಿ ಫೋನ್ ಬಂದ್ ಮಾಡ್ಕಂಡು ಕುಂತಾಳೆ. ಮೂರು ದಿನ ಆತು, ಸರಿಯಾಗಿ ಉಂಡಿಲ್ಲ. ಅದಕ್ಕೆ ನಾನೇ ಹಚ್ಚಿದೆ."

ನನ್ನ ಎಚ್ಚರಿಕೆಯೇ ಆಕೆಯ ಬಾಯಿಗೆ ಬೀಗ ಹಾಕಿತ್ತು. ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. "ಅಮ್ಮಾ, ಇದು ನಿಮ್ಮ ಪೂಜೆ ಹೊತ್ತಲ್ವಾ?" ಎಂದೆ. ಅಂದ ಕೂಡಲೇ ನಾಲಗೆ ಕಚ್ಚಿಕೊಂಡೆ. ಅದು ನನಗೆ ಹೇಗೆ ಗೊತ್ತು?

ಆ ಕಡೆ ಅವರು ಸಣ್ಣಗೆ ನಕ್ಕಂತಾಯಿತು.

"ಇವತ್ತು ಲಗೂನ ಮುಗಿಸೀನಿ. ಹಿತ್ತಲದಾಗೆ ನಲ್ಲಿ ಬಿಟ್ಕಂಡು ಅಷ್ಟೊತ್ತು ಯಾರ ಜತಿಗೆ ಮಾತಾಡ್ತಾಳೆ ಅಂತ ತಿಳೀಲಾರದಷ್ಟು ದಡ್ಡಿ ಏನ್ರಿ ನಾನು? ಮೊದಲ್ನೇ ದಿನಾನೇ ತಿಳೀತು. ಇಪ್ಪತ್ತು ನಿಮಿಷದಾಗೆ ಏನ್ ಹೇಳ್ಕಳ್ಳಕೆ ಆಗ್ತೈತಿ ಪಾಪ ಅಂತ ದಿನಾ ಇಷ್ಟಿಷ್ಟು ಜಾಸ್ತಿ ಕುಂತೆ. ಮೊಣಕಾಲು ಹಿಡ್ಕಂಡು ಬಿಟ್ಟಾವೆ. ನಲವತ್ತರ ಮ್ಯಾಲೆ ಆಗವಲ್ದು."

ಕಣ್ಣು ಒದ್ದೆಯಾದದ್ದನ್ನು ಧೂಳಿನ ಮೇಲೆ ಹಾಕಲಾರೆ.

"ಹಂಗಾದ್ರೆ ಬುಧವಾರ ಯಾಕಮ್ಮಾ ಪಕ್ಕದಲ್ಲಿ ಕೂರ್ತಿದ್ರಿ?"

"ಮಗ ಕುಂದ್ರು ಅಂದ. ಏನೇನು ಮಾತಾಡ್ತಾಳೋ ನನಗೆ ಹೇಳು ಅಂದ. ಕುಂತೆ. ಅವನಿಗೆ ಏನೂ ಹೇಳಿಲ್ಲ." ಆಮೇಲೆ ತಾವೇ ಅಂದರು. "ಆ ಸೌಟು ನಂದೇ ರೀ. ನನ್ನ ತವರಿಂದ ಬಂದಿದ್ದು. ಇವನು ಸಣ್ಣೋನಿದ್ದಾಗ ಸಾಲಿಗೆ ಹೋಗಲ್ಲ ಅಂದ್ರೆ ಅದ್ರಾಗೇ ಹೊಡೀತಿದ್ದೆ. ಇವನು ಸೌಟು ಹಿಡಿಯಲ್ಲ, ಬಾಯಾಗೆ ಹೊಡೀತಾನೆ. ಅದು ಸೊಸಿ ಕೈಗೆ ಹೋಗಿ, ಮೊಮ್ಮಗಳ ಮೈಮ್ಯಾಲೆ ಬೀಳ್ತೈತಿ. ಎಲ್ಲಿಂದ ಶುರುವಾತು ಅಂತ ಬ್ಯಾರೆ ಯಾರೂ ಹೇಳ್ಬೇಕಾಗಿಲ್ಲ ನನಗೆ."

ಬಾತಿಯ ಆ ಮರದ ಕೆಳಗೆ ನಿಂತುಕೊಂಡೇ ಹೊಸ ಯೋಜನೆ ಮಾಡಿದೆವು. ಸೊಸೆಯನ್ನೂ ಕರೆಸಿ ಸ್ಪೀಕರ್ ಹಾಕಿಸಿದೆ. ಆಕೆ ಮೊದಲು ಅತ್ತಳು, ಆಮೇಲೆ ಮಾತಾಡಿದಳು. ಅವತ್ತಿನಿಂದ ಹೋಂವರ್ಕ್ ಅತ್ತೆಯ ಪಕ್ಕದಲ್ಲಿ, ಅವರ ಮಣೆಯ ಹತ್ತಿರ. ಅತ್ತೆಗೆ ಓದು ಬರಹ ಅಷ್ಟಕ್ಕಷ್ಟೇ, ಆದರೆ ಪಕ್ಕದಲ್ಲಿ ಕೂರಲು ಓದು ಬೇಕಿಲ್ಲ. ಗಂಡ ನೋಟ್‌ಬುಕ್ ಕೇಳಿದರೆ ಕೊಡುವವರು ಅತ್ತೆ. ಸೊಸೆ ಹಲ್ಲು ಕಚ್ಚಿದ್ದು ಕಂಡರೆ ಅತ್ತೆ ನೀರು ತಗಂಬಾರವ್ವ ಎನ್ನಬೇಕು, ಅದು ಎದ್ದು ಹೋಗುವುದಕ್ಕೆ ಸನ್ನೆ. ಸೌಟನ್ನು ಅತ್ತೆ ಆಗಲೇ ಅಟ್ಟಕ್ಕೆ ಎಸೆದಿದ್ದರು. ಇಷ್ಟು ದಿನ ನಾನು ಯಾರ ಕಣ್ಣು ತಪ್ಪಿಸಲು ಒದ್ದಾಡಿದ್ದೆನೋ ಅವರೇ ಆ ಮನೆಯಲ್ಲಿ ನನಗೆ ಬೇಕಾಗಿದ್ದ ಇನ್ನೊಬ್ಬ ಮನುಷ್ಯ.

ಹರಿಹರಕ್ಕೆ ಹೋಗಲಿಲ್ಲ. ಮಧ್ಯಾಹ್ನ ಶಾಲೆಯ ಟೀಚರಿಗೆ ಫೋನ್ ಮಾಡಿ ಮಗುವನ್ನು ವಿಚಾರಿಸಿದೆ. ದಿನಾ ಒಂದು ಕಣ್ಣಿಡಿ, ಏನೇ ಕಂಡರೂ ನನಗಾಗಿ ಕಾಯದೆ ತಿಳಿಸಬೇಕಾದವರಿಗೆ ತಿಳಿಸಿ ಎಂದೆ. ಸಂಜೆ ವಿಡಿಯೋದಲ್ಲಿ ಹುಡುಗಿಯನ್ನು ನೋಡಿದೆ, ಅರ್ಧ ತೋಳಿನ ಫ್ರಾಕ್ ಹಾಕಿದ್ದಳು. ಹಿರಿಯರಿಗೆ ನಡೆದದ್ದನ್ನೆಲ್ಲ ಒಪ್ಪಿಸಿದೆ. ಆ ಪತ್ರ ಇನ್ನೂ ನನ್ನ ಡ್ರಾಯರಿನಲ್ಲಿದೆ. ಕೊಡದೆ ಇದ್ದದ್ದು ಸರಿಯೋ ತಪ್ಪೋ ಇವತ್ತಿಗೂ ಎದೆ ತಟ್ಟಿ ಹೇಳಲಾರೆ. ಮಗುವಿಗೆ ಏನೂ ಆಗಲಿಲ್ಲ ಎಂಬುದು ನನ್ನ ಜಾಣತನವಲ್ಲ.

ಇದನ್ನು ಬರೆಯಲು ಅತ್ತೆ ಸೊಸೆ ಇಬ್ಬರೂ ಒಪ್ಪಿದ್ದಾರೆ. ಗುರುತು ಹತ್ತದಂತೆ ಒಂದೆರಡನ್ನು ಬದಲಿಸಿದ್ದೇನೆ. ಗಂಡ ಬದಲಾದರು ಎಂದು ಬರೆಯುವ ಆಸೆ ನನಗೂ ಇತ್ತು. ಅವರು ಬದಲಾಗಲಿಲ್ಲ. ತಾಯಿ ನೋಟ್‌ಬುಕ್ ಹಿಡಿದು ಎದುರು ಕೂತ ಮೊದಲ ದಿನ, "ನೀನೂ ಈಕಿ ಕಡೆ ಸೇರ್ಕಂಡ್ಯಾ?" ಎಂದು ಎದ್ದು ಹೋದವರು ಈಗ ಸಂಜೆ ಹೊತ್ತು ಮನೆಯಲ್ಲೇ ಇರುವುದಿಲ್ಲ. ಎರಡು ವಾರ ತಾಯಿಯ ಜೊತೆ ಮಾತು ಬಿಟ್ಟಿದ್ದರು. ಅತ್ತೆ ಅದನ್ನು ನನಗೆ ಹೇಳಿದ್ದು ಮೊರದಲ್ಲಿ ಅಕ್ಕಿ ಕೇರುತ್ತಾ, ತಲೆ ಎತ್ತದೆ. ಅವರ ಗುರಿ ಏನು ಎಂದು ನಾನು ಕೇಳಲಿಲ್ಲ.

ಪರೀಕ್ಷೆ ಮುಗಿದು ರಜೆ ಬಂತು. ಕೊನೆಯದೆಂದು ಗೊತ್ತು ಮಾಡಿಕೊಂಡಿದ್ದ ಭೇಟಿಗೆ ಆಕೆ ವಿಡಿಯೋ ಹಚ್ಚಿದಳು. ಬುಧವಾರ ಹನ್ನೊಂದು ಗಂಟೆ, ಈ ಸಲ ಅತ್ತೆಯೂ ಪರದೆಯೊಳಗೇ ಇದ್ದರು. ಬಾತಿಯ ಮರದ ಕೆಳಗೆ ನಿಂತು ಮಾತಾಡಿದ ದಿನದಿಂದ ಇಪ್ಪತ್ತಮೂರು ದಿನ, ಒಂದು ಸಲವೂ ಕೈ ಎದ್ದಿರಲಿಲ್ಲ. ಟೀಚರೂ ಅದನ್ನೇ ಹೇಳಿದ್ದರು. ನಾನು ಹಾಳೆ ತೆಗೆದು, "ಮೊದಲ ದಿನ ಹೇಳಿದ ಗುರಿ ಮುಟ್ಟಿದೆವು ಅಂತ ಬರೀಲಾ?" ಎಂದು ಕೇಳಿದೆ. ಖುಷಿ ನನ್ನ ದನಿಯಲ್ಲೇ ಇತ್ತು.

ಆಕೆ ನಗಲಿಲ್ಲ.

"ಕೈ ಎದ್ದಿಲ್ಲ ಮೇಡಂ, ಖರೆ. ಆದ್ರೆ ಮೊನ್ನೆ ತಲೆ ಬಾಚಾಕೆ ಅಂತ ಬಾಚಣಿಕೆ ಎತ್ತಿದೆ. ಎರಡೂ ಕಣ್ಣು ಗಟ್ಟಿ ಮುಚ್ಕಂಡು, ಕುತ್ತಿಗೆ ಒಳಗೆ ಎಳ್ಕಂಡು ಕುಂತ್ಲು. ಹೊಡೀತೀನಿ ಅಂತ. ಬರೀ ಬಾಚಣಿಕೆ ಮೇಡಂ." ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತೆ ಆಕೆಯ ಬೆನ್ನ ಮೇಲೆ ಕೈ ಇಟ್ಟರು.

ನನ್ನ ಹಾಳೆಯಲ್ಲಿ ಇದಕ್ಕೆ ಮನೆ ಇರಲಿಲ್ಲ. ತಾಯಿಯ ಕೈಯನ್ನು ಅಳೆಯುವುದರಲ್ಲಿ ಆರು ವಾರ, ಅದರ ಮೇಲೂ ಇಷ್ಟು ದಿನ ಕಳೆದಿದ್ದೆ. ಮಗುವಿನ ಕಣ್ಣಿಗೆ ಒಂದು ಸಾಲು ಹಾಕಬೇಕು ಎಂದು ಹೊಳೆದಿರಲಿಲ್ಲ. ಮಕ್ಕಳ ಮನಸ್ಸಿನ ತೊಂದರೆ ನೋಡುವ ಹೆಣ್ಣು ಮಗಳೊಬ್ಬರು ನನಗೆ ಪರಿಚಯ, ಅವರ ಹೆಸರು ಕೊಟ್ಟೆ. ಆಮೇಲೆ ಹೊಸ ಹಾಳೆ ತೆಗೆದು, ಅದೇ ಹಳೆಯ ಪ್ರಶ್ನೆ ಕೇಳಿದೆ. ಈ ಸಲ ಕೇಳುವಾಗ ದನಿ ಸಣ್ಣದಾಗಿತ್ತು.

"ಆರು ವಾರ ಆದಮೇಲೆ ಏನು ಬದಲಾಗಿರಬೇಕು?"

"ನಾನು ಕೈ ಎತ್ತಿದ್ರೆ ಅವಳು ಕಣ್ಣು ಮುಚ್ಚಬಾರದು."

"ಈಗ ಎಷ್ಟರಲ್ಲಿದೆ?"

ಆಕೆ ಸೊನ್ನೆ ಎನ್ನುತ್ತಾಳೆ ಎಂದು ಪೆನ್ನು ಹಿಡಿದು ಕಾದೆ. ಆಕೆ ಅತ್ತೆಯ ಮುಖ ನೋಡಿದಳು. ಆಮೇಲೆ ಬಾಗಿಲ ಆಚೆ, ಮಗಳು ಆಡುತ್ತಿದ್ದ ಕಡೆಗೆ ನೋಡಿದಳು.

"ಒಂದು ಹಾಕ್ಕಳ್ರಿ ಮೇಡಂ. ಇವತ್ತು ಬೆಳಿಗ್ಗೆ ಬಾಚುವಾಗ ಒಂದೇ ಕಣ್ಣು ಮುಚ್ಚಿದ್ಲು."